ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ: ತೊಡಕುಗಳು ಯಾರಿಗೆ, ಏಕೆ?



ವಯಸ್ಸಾದ ಗಂಡಸರು ನಾಲ್ಕು ಜನ ಜಗುಲಿಯ ಮೇಲೆ ಸೇರಿದರೆ ಮೊಣಕಾಲಿನ ನೋವನ್ನು ಕುರಿತು ಮಾತನಾಡುವರು. ಕಣ್ಣಿನ ಪೊರೆಯನ್ನು ಕುರಿತು ಮಾತನಾಡುವರು. ಅಜೀರ್ಣವನ್ನು ಕುರಿತಂತೂ ಯಾವ ಸಂಕೋಚವೂ ಇಲ್ಲದೆ ಮಾತನಾಡುವರು. ಆದರೆ ರಾತ್ರಿ ಐದು ಸಲ ಎದ್ದು ಹಿತ್ತಲಿಗೆ ಹೋಗಬೇಕಾಗಿ ಬರುವ ಸಂಗತಿಯನ್ನು ಮಾತ್ರ ಒಬ್ಬರಾದರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಹೊತ್ತು ನಾನು ಪ್ರಸ್ತಾಪಿಸಬೇಕೆಂದಿರುವುದು ಆ ಸಂಗತಿಯನ್ನೂ, ಅದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನೂ, ಶಸ್ತ್ರಚಿಕಿತ್ಸೆಯ ತರುವಾಯ ಕೆಲವರಿಗೆ ಒದಗುವ ತೊಡಕುಗಳನ್ನೂ ಕುರಿತು. ಮನೆಯಲ್ಲಿ ಹೆಂಗಸರೂ ಮಕ್ಕಳೂ ಕೇಳುತ್ತಿರುವಾಗ ಇಂಥ ವಿಷಯ ತಕ್ಕದ್ದೇ ಎಂದು ಕೆಲವರಿಗೆ ಅನ್ನಿಸಬಹುದು. ಅವರೂ ಕೇಳಬೇಕೆಂಬುದೇ ನನ್ನ ಅಪೇಕ್ಷೆ. ಕಾರಣವು ಮುಂದೆ ತಾನಾಗಿ ತಿಳಿದುಬರುವುದು.

ಗಂಡಸಿನ ಮೂತ್ರಾಶಯದ ಬಾಯಿಯ ಬಳಿ, ಮೂತ್ರನಾಳವನ್ನು ಸುತ್ತುಗಟ್ಟಿಕೊಂಡು, ಪ್ರಾಸ್ಟೇಟ್ ಎಂಬ ಗ್ರಂಥಿಯೊಂದುಂಟು. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರದಲ್ಲಿ ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ವಯಸ್ಸು ನಲವತ್ತನ್ನು ದಾಟಿದ ಮೇಲೆ ಅದು ಮೆಲ್ಲಮೆಲ್ಲನೆ ಬೆಳೆಯತೊಡಗುವುದು. ಬೇರೆ ಕಾರಣಗಳಿಂದ ತೀರಿಕೊಂಡವರ ದೇಹಗಳನ್ನು ಪರೀಕ್ಷಿಸಿದಾಗ, ಐವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿಯೂ, ಎಂಬತ್ತನ್ನು ದಾಟಿದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿಯಲ್ಲಿಯೂ ಈ ಬೆಳವಣಿಗೆ ಕಂಡುಬಂದಿದೆ. ಇದು ಕ್ಯಾನ್ಸರ್ ಅಲ್ಲ. ತಲೆಗೂದಲು ನರೆಯುವಂತೆ ವಯೋಧರ್ಮದಿಂದ ಬರತಕ್ಕದ್ದು. ಬೆಳೆದವರೆಲ್ಲರಿಗೂ ತೊಂದರೆಯಾಗುವುದಿಲ್ಲ; ತೊಂದರೆಯಾದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದೂ ಇಲ್ಲ. ಟ್ಯಾಮ್ಸುಲೋಸಿನ್ ಮೊದಲಾದ ಔಷಧಗಳು ಮೂತ್ರಾಶಯದ ಬಾಯಿಯ ಬಿಗಿತವನ್ನು ಕೆಲವು ದಿನಗಳಲ್ಲಿಯೇ ಸಡಿಲಿಸುವುವು. ಫಿನಾಸ್ಟರೈಡ್ ಮೊದಲಾದುವು ತಿಂಗಳುಗಟ್ಟಲೆ ಸೇವಿಸಿದರೆ ಗ್ರಂಥಿಯನ್ನು ಅಷ್ಟಿಷ್ಟು ಕುಗ್ಗಿಸುವುವು. ಇವುಗಳಿಂದ ಎಷ್ಟೋ ಜನ ಶಸ್ತ್ರದ ಮುಖವನ್ನೇ ನೋಡದೆ ಕಾಲ ಕಳೆಯುತ್ತಾರೆ.

ತೊಂದರೆಯ ಸ್ವರೂಪವನ್ನು ವಿವರಿಸಲು ನಾನು ದೂರ ಹೋಗಬೇಕಾಗಿಲ್ಲ. ನನ್ನ ತಾಯಿಯ ತವರು ಹಾಸನ ಜಿಲ್ಲೆಯ ಗೊರೂರು. ಅಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಅಣೆಕಟ್ಟಿನ ಬಾಗಿಲುಗಳು ಸರಿಯಾಗಿ ತೆರೆದುಕೊಳ್ಳುತ್ತಿದ್ದರೆ ನೀರು ಬೇಕಾದಾಗ ಬೇಕಾದಷ್ಟು ಹೊರಕ್ಕೆ ಹರಿಯುವುದು. ಬಾಗಿಲುಗಳು ಬಿಗಿದುಕೊಂಡುವೆಂದು ಭಾವಿಸೋಣ. ಆಗ ಕಟ್ಟೆಯ ಹತ್ತಿರ ಮಾತ್ರವೇ ನೀರೇರುವುದಿಲ್ಲ. ಹಿನ್ನೀರು ಮೈಲಿಗಟ್ಟಲೆ ಮೇಲಕ್ಕೆ ಹಬ್ಬುವುದು. ಆ ಜಲಾಶಯದ ಅಂಚಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಇರುವುದನ್ನು ಕೆಲವರು ನೋಡಿರಬಹುದು. ನೆಲದ ಮೇಲೆ ಕಟ್ಟಿದ ದೇವಮಂದಿರವದು. ಮಳೆಗಾಲದಲ್ಲಿ ಹಿನ್ನೀರು ಬಂದು ಅದರ ಗೋಡೆಗಳನ್ನು ಆವರಿಸುವುದು, ಬೇಸಗೆಯಲ್ಲಿ ಇಳಿಯುವುದು. ಹೀಗೆ ವರ್ಷವರ್ಷವೂ ನೆನೆದು ಒಣಗಿ ಅದು ಶಿಥಿಲವಾಯಿತು. ನಮ್ಮ ದೇಹದಲ್ಲಿ ಮೂತ್ರಪಿಂಡಗಳ ಸ್ಥಿತಿಯೂ ಹೀಗೆಯೇ. ಕೆಳಗಿನ ಬಾಗಿಲು ಬಿಗಿದರೆ ಮೊದಲು ಮೂತ್ರಾಶಯದ ಗೋಡೆ ಹೆಚ್ಚು ದುಡಿದು ದಪ್ಪವಾಗುವುದು. ಕೆಲವು ವರ್ಷಗಳಾದ ಮೇಲೆ ಸೋತು ಹಿಗ್ಗಿ ಚೀಲದಂತೆ ಜೋತುಬೀಳುವುದು. ಆಮೇಲೆ ಹಿನ್ನೀರು ಮೂತ್ರಪಿಂಡಗಳವರೆಗೂ ಏರುವುದು. ಇದರಲ್ಲಿ ಬಹುಪಾಲು ನೋವಿಲ್ಲದೆಯೇ ನಡೆದುಹೋಗುವುದು. ಅದೇ ಇದರ ಅಪಾಯ.

ನನ್ನ ಸೋದರಮಾವನವರ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅವರ ಅಪ್ಪಣೆಯನ್ನು ಪಡೆದೇ ಹೇಳುತ್ತಿದ್ದೇನೆ. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ರಾತ್ರಿ ಹಲವು ಸಲ ಏಳುತ್ತಿದ್ದರು. ಮನೆಯವರು ಕೇಳಿದರೆ, "ಕರೆಂಟು ಬಂತೇನೋ ಅಂತ ನೋಡೋಕೆ ಎದ್ದೆ, ಗದ್ದೆಗೆ ನೀರು ಬಿಡಬೇಕಲ್ಲ" ಎನ್ನುತ್ತಿದ್ದರು. ಪಂಪಿಗೆ ವಿದ್ಯುತ್ತು ಅವೇಳೆಯಲ್ಲಿ ಬರುವ ಕಡೆ ಈ ಉತ್ತರವನ್ನು ಯಾರೂ ಸಂದೇಹಿಸುವುದಿಲ್ಲ. ಒಂದು ಮದುವೆಯಲ್ಲಿ ಅವರು ಊಟದ ಪಂಕ್ತಿಯಿಂದ ಎರಡು ಸಲ ಎದ್ದುಹೋದುದನ್ನು ನಾನೇ ಕಂಡೆನು. ನಾನು ವೈದ್ಯ, ಅರ್ಥವು ನನಗೆ ಹೊಳೆಯದೆ ಇರಲಿಲ್ಲ. ಆದರೆ ಎತ್ತಿ ಆಡಿಸಿದ ಮಾವನನ್ನು ಸೋದರಳಿಯನಾದವನು ಈ ವಿಷಯವಾಗಿ ಹೇಗೆ ಕೇಳುವುದು ಎಂದು ಸುಮ್ಮನಾದೆನು. ಅದಾದ ಏಳನೆಯ ತಿಂಗಳು, ಒಂದು ರಾತ್ರಿ, ಮೂತ್ರವು ಪೂರ್ತಿಯಾಗಿ ಕಟ್ಟಿಹೋಗಿ ಅವರನ್ನು ಹಾಸನಕ್ಕೆ ಕರೆದೊಯ್ಯಬೇಕಾಯಿತು. ನಳಿಕೆಯನ್ನು ಹಾಕಿದೊಡನೆ ಒಂದೂವರೆ ಲೀಟರಿಗಿಂತಲೂ ಹೆಚ್ಚಾಗಿ ಮೂತ್ರ ಹೊರಬಂದಿತು. ಆರೋಗ್ಯವಂತನ ಮೂತ್ರಾಶಯ ಸುಮಾರು ಅರ್ಧ ಲೀಟರು ಹಿಡಿಯತಕ್ಕದ್ದು. ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು. ಎಂದರೆ ಹಿನ್ನೀರು ಆಗಲೇ ಇಗರ್ಜಿಯನ್ನು ಮುಟ್ಟಿತ್ತು.

ನೋವು ಇಳಿದ ಮರುಕ್ಷಣವೇ ಮಾವನವರು ವೈದ್ಯರಿಗೆ ಹೇಳಿದ ಮಾತಿದು: "ಸ್ವಾಮಿ, ನಾಳೇನೇ ಆಪರೇಷನ್ ಮಾಡಿಬಿಡಿ. ಕುಯ್ಲು ಹತ್ತಿರ ಬಂತು." ವೈದ್ಯರು ಒಪ್ಪಲಿಲ್ಲ. ಮೂರು ವಾರ ನಳಿಕೆಯೊಡನೆ ಮನೆಯಲ್ಲಿದ್ದು ಬರುವಂತೆ ಹೇಳಿದರು. ನಮ್ಮ ಮನೆಯವರಿಗೆ ಇದು ವಿಚಿತ್ರವಾಗಿ ಕಂಡಿತು. ರೋಗ ಗೊತ್ತಾಗಿದೆ, ವೈದ್ಯರಿದ್ದಾರೆ, ಶಸ್ತ್ರವಿದೆ, ಮತ್ತೆ ತಡವೇಕೆ? ಈ ತಡದ ಅರ್ಥವನ್ನು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆಯನ್ನು ನೋಡಬೇಕು.

ಮೂತ್ರ ಕಟ್ಟುವ ರೋಗವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತವು ಹನ್ನೆರಡು ಬಗೆಯೆಂದು ಹೇಳಿ, ಅವುಗಳಲ್ಲಿ ಒಂದಾದ ವಾತಾಷ್ಠೀಲೆಯನ್ನು ಗುದಕ್ಕೂ ಮೂತ್ರಾಶಯಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುವ ಗಂಟೆಂದು ವರ್ಣಿಸಿದೆ. ಅದೇ ಸುಶ್ರುತನು ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಮುನ್ನ ವೈದ್ಯನು ಅರಸನ ಅನುಮತಿಯನ್ನು ಬೇಡಬೇಕೆಂದು ವಿಧಿಸಿದ್ದಾನೆ. ಶಸ್ತ್ರ ಮಾಡದಿದ್ದರೆ ಮರಣ ನಿಶ್ಚಯ, ಮಾಡಿದರೆ ಫಲ ಸಂದೇಹ. ಆದುದರಿಂದ ಹೇಳಿ ಕೇಳಿ ಮುಂದುವರಿಯಬೇಕೆಂಬುದು ಅವನ ಅಭಿಪ್ರಾಯ. ಕಾಗದದ ಮೇಲೆ ರುಜು ಹಾಕಿಸಿಕೊಳ್ಳುವ ಈಗಿನ ಪದ್ಧತಿ ನಮಗೇನೂ ಹೊಸದಲ್ಲ.

ಬೆಳೆದ ಪ್ರಾಸ್ಟೇಟನ್ನು ಮೂತ್ರಾಶಯದ ಮೂಲಕ ಬೆರಳಿನಿಂದ ಬಿಡಿಸಿ ತೆಗೆಯುವ ಶಸ್ತ್ರಕ್ರಿಯೆಗೆ ಲೋಕದಲ್ಲಿ ಹೆಸರು ತಂದವನು ಪೀಟರ್ ಫ್ರೇಯರ್. ಐರ್ಲೆಂಡಿನವನಾದ ಈತನು 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ, ಇಪ್ಪತ್ತು ವರ್ಷಗಳ ಕಾಲ ಉತ್ತರ ಹಿಂದೂಸ್ಥಾನದಲ್ಲಿ ಮೂತ್ರಾಶಯದ ಕಲ್ಲುಗಳನ್ನು ಪುಡಿಮಾಡಿ ತೆಗೆಯುವುದರಲ್ಲಿ ಕೈ ಪಳಗಿಸಿಕೊಂಡವನು. ನಮ್ಮ ದೇಶದ ರೋಗಿಗಳಿಂದ ಕಲಿತ ವಿದ್ಯೆಯನ್ನು ಲಂಡನ್ನಿಗೆ ಒಯ್ದು 1901ರಲ್ಲಿ ತನ್ನ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಕೈಚಳಕವುಳ್ಳವನಿಗೆ ಗ್ರಂಥಿಯನ್ನು ಬಿಡಿಸಲು ಕೆಲವು ನಿಮಿಷಗಳು ಸಾಕಾಗುತ್ತಿದ್ದುವು. ಆದರೆ ಅದೇ ಕ್ರಿಯೆಯನ್ನು ಊರೂರಿನ ಶಸ್ತ್ರವೈದ್ಯರು ಮಾಡತೊಡಗಿದಾಗ ಬಹಳ ಮಂದಿ ಮುದುಕರು ಸತ್ತರು. ಕೈ ಕುಶಲವಾಗಿದ್ದರೂ ಸತ್ತರು. ಕಾರಣವೇನೆಂದು ಹುಡುಕಿದಾಗ, ಅನೇಕರ ಮೂತ್ರಪಿಂಡಗಳು ಮೊದಲೇ ಹಿನ್ನೀರಿನಿಂದ ಕೆಟ್ಟಿದ್ದುವು, ಶಸ್ತ್ರದ ಆಘಾತವನ್ನು ತಡೆದುಕೊಳ್ಳಲು ಅವುಗಳಿಗೆ ಶಕ್ತಿಯಿರಲಿಲ್ಲ ಎಂಬುದು ಕಂಡುಬಂದಿತು. ಆಗ ಎರಡು ಹಂತದ ಕ್ರಮ ಬಳಕೆಗೆ ಬಂದಿತು: ಮೊದಲು ಮೂತ್ರಾಶಯದ ನೀರನ್ನು ನಳಿಕೆಯಿಂದ ಹೊರಕ್ಕೆ ಬಿಟ್ಟು, ವಾರಗಟ್ಟಲೆ ಕಾದು, ಮೂತ್ರಪಿಂಡಗಳು ಚೇತರಿಸಿಕೊಂಡ ಮೇಲೆ ಗ್ರಂಥಿಯನ್ನು ತೆಗೆಯುವುದು. 1910ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರೌನ್‌ಟ್ರೀ, ಗೆರಾಟಿ ಎಂಬಿಬ್ಬರು ಒಂದು ಬಣ್ಣದ ದ್ರವವನ್ನು ಚುಚ್ಚಿ, ಅದು ಮೂತ್ರದಲ್ಲಿ ಎಷ್ಟು ಬೇಗ ಹೊರಬೀಳುವುದೆಂದು ಅಳೆದು, ಮೂತ್ರಪಿಂಡಗಳ ಶಕ್ತಿಯನ್ನು ಮುಂಚಿತವಾಗಿ ತಿಳಿಯುವ ಪರೀಕ್ಷೆಯನ್ನು ಕೊಟ್ಟರು. ಸಾವು ಇಳಿಯಿತು. ಶಸ್ತ್ರ ಹರಿತವಾದುದರಿಂದ ಇಳಿಯಲಿಲ್ಲ. ಕಾಯುವುದನ್ನು ಕಲಿತುದರಿಂದ ಇಳಿಯಿತು. ಹಾಸನದ ವೈದ್ಯರು ನಮ್ಮ ಮಾವನವರನ್ನು ಮೂರು ವಾರ ಕಾಯಿಸಿದುದು ಆ ಹಳೆಯ ಪಾಠದ ಫಲವೇ.

ಅಲ್ಲಿಂದೀಚೆಗೆ ಶಸ್ತ್ರದ ದಾರಿಯೂ ಬದಲಾಯಿತು. 1945ರಲ್ಲಿ ಟೆರೆನ್ಸ್ ಮಿಲಿನ್ ಎಂಬಾತನು ಮೂತ್ರಾಶಯವನ್ನು ತೆರೆಯದೆಯೇ ಅದರ ಮುಂದುಗಡೆಯಿಂದ ಗ್ರಂಥಿಯನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಈಗ ಹೆಚ್ಚಾಗಿ ಹೊಟ್ಟೆಯನ್ನು ಕೊಯ್ಯುವುದೇ ಇಲ್ಲ. ಮೂತ್ರನಾಳದ ಮೂಲಕವೇ ದರ್ಶಕಯಂತ್ರವನ್ನು ಹಾಯಿಸಿ, ವಿದ್ಯುತ್ತಿನಿಂದ ಕಾದ ತಂತಿಯ ಕುಣಿಕೆಯಲ್ಲಿ ಗ್ರಂಥಿಯ ಒಳಭಾಗವನ್ನು ತುಣುಕುತುಣುಕಾಗಿ ಕೆತ್ತಿ ತೆಗೆಯುವರು. ಇದನ್ನು ವೈದ್ಯರು ಟಿ.ಯು.ಆರ್.ಪಿ. ಎನ್ನುವರು. ಬಹು ದೊಡ್ಡ ಗ್ರಂಥಿಯಾದರೆ ಲೇಸರ್ ಕಿರಣದಿಂದ ಸುಲಿದು ತೆಗೆಯುವುದೂ ಉಂಟು. ಬೆಂಗಳೂರಿನಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈ ಅಂಗಗಳ ರೋಗಗಳಿಗೆಂದೇ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಹಾಸನದಲ್ಲಿಯೇ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಯುತ್ತಿದೆ.

ಈ ಶಸ್ತ್ರಚಿಕಿತ್ಸೆ ಈಗ ಎಷ್ಟು ನಿರಪಾಯ? 1989ರಲ್ಲಿ ಅಮೆರಿಕದ ಹದಿಮೂರು ಸಂಸ್ಥೆಗಳು ಕೂಡಿ 3885 ರೋಗಿಗಳ ವಿವರವನ್ನು ಪ್ರಕಟಿಸಿದುವು. ಮರಣ ಸಾವಿರಕ್ಕೆ ಎರಡು. ಒಂದಲ್ಲ ಒಂದು ತೊಡಕು ನೂರಕ್ಕೆ ಹದಿನೆಂಟು ಜನರಿಗೆ. 2008ರಲ್ಲಿ ಜರ್ಮನಿಯ ಬವೇರಿಯ ಪ್ರಾಂತದಿಂದ 10,654 ರೋಗಿಗಳ ವಿವರ ಬಂದಿತು. ಮರಣ ಸಾವಿರಕ್ಕೆ ಒಂದು. ತೊಡಕು ನೂರಕ್ಕೆ ಸುಮಾರು ಹನ್ನೊಂದು. ಮುದುಕರಿಗೇ ಹೆಚ್ಚಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಇವು ಒಳ್ಳೆಯ ಅಂಕಿಗಳೇ. ಆದರೆ ಆ ಹನ್ನೊಂದೋ ಹದಿನೆಂಟೋ ಜನ ಯಾರು ಎಂಬುದು ನಮ್ಮ ಪ್ರಶ್ನೆ. ಅಮೆರಿಕದ ವರದಿಯಲ್ಲಿ ಅದಕ್ಕೆ ಉತ್ತರದ ಸುಳಿವಿದೆ: ಎಂಬತ್ತು ವರ್ಷ ಮೀರಿದವರು, ಮೂತ್ರ ಪೂರ್ತಿ ಕಟ್ಟಿದ ಮೇಲೆ ಬಂದವರು, 45 ಗ್ರಾಂಗಿಂತ ಹೆಚ್ಚು ತೂಕದ ಗ್ರಂಥಿಯುಳ್ಳವರು, ಒಂದೂವರೆ ಗಂಟೆಗಿಂತ ಹೆಚ್ಚು ಕಾಲ ಶಸ್ತ್ರಕ್ಕೊಳಗಾದವರು, ಇವರಲ್ಲಿ ತೊಡಕು ಹೆಚ್ಚು. ಇವುಗಳಲ್ಲಿ ವಯಸ್ಸನ್ನು ಯಾರೂ ತಡೆಯಲಾರರು. ನನ್ನ ಅನುಭವದಲ್ಲಿ ವಯಸ್ಸಿಗೆ ಸಲ್ಲುವುದಕ್ಕಿಂತ ಹೆಚ್ಚಿನ ದೂರು ಸಲ್ಲುತ್ತಿದೆ. ಎಂಬತ್ತೆರಡರಲ್ಲಿಯೂ ತೋಟ ಸುತ್ತುವ ಮುದುಕ, ಅರವತ್ತರಲ್ಲಿ ಏದುವವನಿಗಿಂತ ಚೆನ್ನಾಗಿ ಎದ್ದು ಕುಳಿತುದನ್ನು ಕಂಡಿದ್ದೇನೆ. ಮೂತ್ರ ಕಟ್ಟುವವರೆಗೂ ಸುಮ್ಮನಿರುವುದಾದರೋ ಪೂರ್ತಿಯಾಗಿ ನಮ್ಮ ಕೈಯಲ್ಲಿರುವ ಸಂಗತಿ.

ಶಸ್ತ್ರವು ದೀರ್ಘವಾದರೆ ಏನು ಕೆಡುವುದು ಎಂದು ಕೇಳಬಹುದು. ಗ್ರಂಥಿಯನ್ನು ಕೆತ್ತುವಾಗ ಒಳಗೆ ಕಾಣುವಂತಿರಲು ಒಂದೇ ಸಮನೆ ದ್ರವವನ್ನು ಹರಿಸುತ್ತಿರಬೇಕು. ಕೊಯ್ದ ರಕ್ತನಾಳಗಳ ಬಾಯಿಯಿಂದ ಆ ದ್ರವವು ರಕ್ತಕ್ಕೆ ಇಳಿಯುವುದು. ಹಳೆಯ ವಿಧಾನದಲ್ಲಿ ವಿದ್ಯುತ್ತಿನ ಕಾರಣದಿಂದ ಉಪ್ಪುನೀರನ್ನು ಬಳಸುವಂತಿರಲಿಲ್ಲ. ಗ್ಲೈಸಿನ್ ಕೂಡಿದ ನೀರನ್ನು ಬಳಸುತ್ತಿದ್ದರು. ಅದು ಹೆಚ್ಚಾಗಿ ರಕ್ತಕ್ಕೆ ಸೇರಿದರೆ ರಕ್ತದ ಸೋಡಿಯಂ ತೆಳುವಾಗಿ, ರೋಗಿಗೆ ಕಳವಳ, ವಾಂತಿ, ದೃಷ್ಟಿ ಮಂಕು, ಕೊನೆಗೆ ಸೆಳೆತವೂ ಬರಬಹುದು. ಅದಕ್ಕಾಗಿಯೇ ಒಂದು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮ ಹುಟ್ಟಿತು. ಅದಕ್ಕಾಗಿಯೇ ರೋಗಿಗೆ ಸೊಂಟದ ಕೆಳಗೆ ಮಾತ್ರ ಜೋಮು ಬರಿಸಿ ಎಚ್ಚರವಾಗಿಡುವುದು ಒಳ್ಳೆಯದೆಂದು ಅನೇಕರು ಭಾವಿಸಿದರು. ಮಾತನಾಡಿಸುತ್ತಿದ್ದಾಗ ಉತ್ತರ ತಡವರಿಸಿತೆಂದರೆ ವೈದ್ಯನಿಗೆ ಅದೇ ಮೊದಲ ಎಚ್ಚರಿಕೆ. ಬೈಪೋಲಾರ್ ಎಂಬ ಹೊಸ ಯಂತ್ರದಲ್ಲಿ ಉಪ್ಪುನೀರನ್ನೇ ಹರಿಸಬಹುದಾದುದರಿಂದ ಸೋಡಿಯಂ ತೆಳುವಾಗುವ ಭಯ ಹೋಗಿದೆ. ಆದರೂ ಹೃದಯ ದುರ್ಬಲವಾಗಿರುವವರಿಗೆ ದ್ರವದ ಭಾರವು ಭಾರವೇ. ದೊಡ್ಡ ಗ್ರಂಥಿಯವರು, ನಿಮ್ಮಲ್ಲಿ ಯಾವ ವಿಧಾನವೆಂದು ಮುಂಚಿತವಾಗಿ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ರಕ್ತಸ್ರಾವ. ಇಲ್ಲಿ ಮತ್ತೆ ಮಾವನವರ ಬಳಿಗೆ ಹೋಗೋಣ. ಶಸ್ತ್ರಕ್ಕೆ ಮುಂಚೆ ವೈದ್ಯರು ಕೇಳಿದರು: "ಯಜಮಾನರೇ, ಸಕ್ಕರೆ ಕಾಯಿಲೆ ಇದೆಯೇ?" "ಇಲ್ಲ ಸ್ವಾಮಿ." "ಹೃದಯಕ್ಕೆ ಏನಾದರೂ ಮಾತ್ರೆ?" "ಅದೇನೂ ಇಲ್ಲ." "ಬೀಡಿ?" "ಎಂದೋ ಬಿಟ್ಟೆ." ಮೂರಕ್ಕೆ ಮೂರೂ ಸುಳ್ಳು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವರ ಸೊಸೆ ಹಿಂಜರಿಯುತ್ತ ಒಳಗೆ ಬಂದು, ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ತೆಗೆದು ಮೇಜಿನ ಮೇಲಿಟ್ಟಳು. ಸಕ್ಕರೆಯ ಮಾತ್ರೆ ಅದರಲ್ಲಿತ್ತು. ಎರಡು ವರ್ಷದ ಹಿಂದೆ ಎದೆನೋವು ಬಂದಾಗ ಕೊಟ್ಟ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಇದ್ದುವು. "ಮಾವನವರು ಬೈಕೊಳ್ಳಲಿ, ಡಾಕ್ಟ್ರೇ" ಎಂದಳು. ಹೆಂಗಸರೂ ಈ ಮಾತನ್ನು ಕೇಳಬೇಕೆಂದು ನಾನು ಮೊದಲೇ ಹೇಳಿದುದು ಆ ಚೀಲದ ಕಾರಣದಿಂದ.

ಏಕೆಂದರೆ ಈ ಎರಡು ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುವು. ಹೃದಯಕ್ಕೆ ಅದು ರಕ್ಷೆ. ಪ್ರಾಸ್ಟೇಟ್ ಶಸ್ತ್ರದಲ್ಲಿ ಅದೇ ಅಪಾಯ. ಗ್ರಂಥಿಯ ತುಂಬ ರಕ್ತನಾಳಗಳಿರುವುವು; ತೆರೆದ ಗಾಯವನ್ನು ಹೊಲಿಯುವ ಅವಕಾಶವೂ ಅಲ್ಲಿಲ್ಲ. ರಕ್ತವು ಗೆಡ್ಡೆಗಟ್ಟಿ ನಳಿಕೆಯನ್ನು ಮುಚ್ಚಿದರೆ ಮೂತ್ರ ಮತ್ತೆ ಕಟ್ಟುವುದು. ಹಾಗೆಂದು ಮಾತ್ರೆಗಳನ್ನು ರೋಗಿ ತಾನಾಗಿ ನಿಲ್ಲಿಸಿಬಿಟ್ಟರೆ ಅದಕ್ಕಿಂತ ಕೇಡಾಗಬಹುದು; ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಹೆಚ್ಚು ಕಾಲವಾಗದವರಿಗೆ ಅಕಾಲದಲ್ಲಿ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಬರಬಹುದು. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಹೃದಯದ ವೈದ್ಯರೂ ಶಸ್ತ್ರವೈದ್ಯರೂ ಕೂಡಿ ತೀರ್ಮಾನಿಸತಕ್ಕದ್ದು. ಅದಕ್ಕೆ ಮೊದಲು ಅಂಥ ಮಾತ್ರೆಯೊಂದಿದೆಯೆಂದು ಅವರಿಗೆ ತಿಳಿದಿರಬೇಕಷ್ಟೆ.

ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವುದರಿಂದ ಎರಡು ಬಗೆಯ ಕೆಡುಕುಂಟು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಸೋಂಕು ಬೇಗ ತಗಲುವುದು, ಗಾಯ ನಿಧಾನವಾಗಿ ಮಾಗುವುದು. ಇದು ಎಲ್ಲರೂ ಬಲ್ಲ ಮಾತು. ಎರಡನೆಯದನ್ನು ಕಡಿಮೆ ಜನ ಬಲ್ಲರು. ಬಹುಕಾಲದ ಮಧುಮೇಹವು ಮೂತ್ರಾಶಯದ ನರಗಳನ್ನೇ ಕುಂದಿಸುವುದು. ಆಗ ಬಾಗಿಲನ್ನು ಎಷ್ಟು ಚೆನ್ನಾಗಿ ತೆರೆದರೂ ನೂಕುವ ಬಲ ಒಳಗಿಲ್ಲದೆ ನೀರು ಹೊರಬರಲಾರದು. ಬವೇರಿಯದ ವರದಿಯಲ್ಲಿ ಶಸ್ತ್ರದ ತರುವಾಯ ತಾನಾಗಿ ಮೂತ್ರ ಮಾಡಲಾಗದೆ ಹೋದವರು ನೂರಕ್ಕೆ 5.8, ಎಲ್ಲ ತೊಡಕುಗಳಲ್ಲಿ ಮೊದಲ ಸ್ಥಾನ ಇದರದೇ. ರಕ್ತ ಕೊಡಬೇಕಾಗಿ ಬಂದವರು ನೂರಕ್ಕೆ 2.9. ಜನ ರಕ್ತಕ್ಕೆ ಅಂಜುವರು. ಸೋತ ಮೂತ್ರಾಶಯಕ್ಕೆ ಅಂಜುವವರಿಲ್ಲ.

ಸೋಂಕಿನ ಮಾತು ಬಂದುದರಿಂದ ಒಂದು ವಿಷಯ. ಶಸ್ತ್ರಕ್ಕೆ ಮುಂಚೆ ಮೂತ್ರವನ್ನು ಪರೀಕ್ಷೆಗೆ ಕಳುಹಿಸಿ, ಅದರಲ್ಲಿ ಬೆಳೆಯುವ ಕ್ರಿಮಿ ಯಾವುದು, ಯಾವ ಔಷಧಕ್ಕೆ ಅದು ಬಗ್ಗುವುದು ಎಂದು ತಿಳಿಯುವ ಪದ್ಧತಿಯಿದೆ. ಬಹಳ ದಿನ ನಳಿಕೆಯಿಟ್ಟವರ ಮೂತ್ರದಲ್ಲಿ ಕ್ರಿಮಿಯಿರುವುದು ಸಾಮಾನ್ಯ. ಕ್ರಿಮಿಯಿರುವಾಗಲೇ ಕೆತ್ತಿದರೆ ಅದು ನೇರವಾಗಿ ರಕ್ತಕ್ಕೆ ಸೇರಿ, ನಡುಕದೊಡನೆ ಜ್ವರವೇರಿ, ರಕ್ತದೊತ್ತಡ ಕುಸಿಯಬಹುದು. ಉರಿಮೂತ್ರವಾದಾಗಲೆಲ್ಲ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಮಾತ್ರೆಯನ್ನು ಎರಡು ದಿನ ನುಂಗಿ ಬಿಟ್ಟವರಲ್ಲಿ ಬೆಳೆಯುವ ಕ್ರಿಮಿಯು ಸಾಮಾನ್ಯ ಔಷಧಗಳಿಗೆ ಬಗ್ಗುವುದಿಲ್ಲ. ಮಾವನವರ ವಿಷಯದಲ್ಲಿಯೂ ಹೀಗೆಯೇ ಆಗಿ, ಮೂರು ವಾರವೆಂದುದು ಐದು ವಾರವಾಯಿತು. ಕುಯ್ಲು ಅವರಿಲ್ಲದೆಯೇ ನಡೆಯಿತು.

ಬೀಡಿಯ ವಿಚಾರ. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು ಬೆಳೆ. ರಾಮನಾಥಪುರದಲ್ಲಿ ಅದರ ಹರಾಜುಕಟ್ಟೆಯಿದೆ. ಎಷ್ಟೋ ಮನೆಗಳ ಅನ್ನ ಆ ಎಲೆಯಿಂದಲೇ. ಬೆಳೆಯುವವರನ್ನು ನಾನು ನಿಂದಿಸಲಾರೆ. ಆದರೆ ಶಸ್ತ್ರಕ್ಕೆ ಸಿದ್ಧನಾಗುವವನು ನಾಲ್ಕು ವಾರ ಮುಂಚಿತವಾಗಿಯಾದರೂ ಸೇದುವುದನ್ನು ಬಿಡಬೇಕು. ಸೇದುವವನ ಎದೆಯಲ್ಲಿ ಕಫ ತುಂಬಿರುವುದು. ಶಸ್ತ್ರವಾದ ಮೇಲೆ ಅವನು ಕೆಮ್ಮುವನು. ಒಂದೊಂದು ಕೆಮ್ಮಿಗೂ ಹೊಟ್ಟೆಯ ಒತ್ತಡವೇರಿ ಹಸಿಗಾಯವು ಮತ್ತೆ ಒಸರುವುದು. ಶ್ವಾಸಕೋಶಕ್ಕೂ ಮೂತ್ರನಾಳಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಇದೇ ಉತ್ತರ.

ಮನೆಗೆ ಬಂದ ಮೇಲಿನ ದಿನಗಳನ್ನು ಕುರಿತು ಎಚ್ಚರಿಸಬೇಕಾದುದು ಬಹಳವಿದೆ. ಮುಖ್ಯವಾದುದನ್ನು ಮಾತ್ರ ಹೇಳುತ್ತೇನೆ. ನಳಿಕೆ ತೆಗೆದು, ಮೂತ್ರ ತಿಳಿಯಾಗಿ, ರೋಗಿಗೆ ತಾನು ಗುಣವಾದೆನೆಂಬ ಧೈರ್ಯ ಬರುವುದು ಎರಡನೆಯ ವಾರದಲ್ಲಿ. ಒಳಗಿನ ಗಾಯದ ಹಕ್ಕಳೆ ಉದುರುವುದೂ ಅದೇ ವಾರದಲ್ಲಿ. ಆಗ ತೆಂಗಿನಕಾಯಿಯ ಮೂಟೆ ಎತ್ತಿದರೆ, ಕಚ್ಚಾರಸ್ತೆಯಲ್ಲಿ ಮೋಟಾರುಬೈಕಿನ ಹಿಂದೆ ಕುಳಿತು ಹೋದರೆ, ಮಲಬದ್ಧತೆಯಾಗಿ ಮುಕ್ಕಿರಿದರೆ ರಕ್ತ ತಟ್ಟನೆ ಬೀಳಬಹುದು. ಸ್ವಲ್ಪ ಕೆಂಪು ಕಂಡು, ನೀರು ಹೆಚ್ಚಾಗಿ ಕುಡಿದಾಗ ತಿಳಿಯಾದರೆ ಗಾಬರಿಯಿಲ್ಲ. ಗೆಡ್ಡೆಗಳು ಬಿದ್ದರೆ, ಮೂತ್ರ ಕಟ್ಟಿದರೆ, ನಡುಕದ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆರು ವಾರ ಭಾರದ ಕೆಲಸ ಕೂಡದು. ಆದರೆ ಹಾಸಿಗೆಯಲ್ಲಿ ಮಲಗಿಯೇ ಇರುವುದೂ ಕೂಡದು. ನಡೆದಾಡದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಭಯವುಂಟು.

ತಿಂಗಳುಗಳು ಕಳೆದ ಮೇಲೆ ಬರುವ ತೊಡಕುಗಳೂ ಕೆಲವಿವೆ. ಮೂತ್ರನಾಳವು ಅಲ್ಲಲ್ಲಿ ಕಿರಿದಾಗುವುದು. ಚಿಕ್ಕ ಗ್ರಂಥಿಯವರಲ್ಲಿ ಮೂತ್ರಾಶಯದ ಬಾಯಿ ಮತ್ತೆ ಬಿಗಿಯುವುದು. ಅಪರೂಪವಾಗಿ ಮೂತ್ರ ಹಿಡಿತ ತಪ್ಪುವುದು. ಧಾರೆ ಮತ್ತೆ ಸಣ್ಣದಾಯಿತೆಂದರೆ "ಹಳೆಯ ರೋಗ ಮರುಕಳಿಸಿತು" ಎಂದು ಕೈಚೆಲ್ಲಬಾರದು, ತೋರಿಸಬೇಕು. ಇನ್ನೊಂದು, ವೈದ್ಯರೂ ಹೇಳಲು ನಾಚುವ ವಿಷಯ: ಬಹುಪಾಲು ಜನರಿಗೆ ಆಮೇಲೆ ವೀರ್ಯವು ಹೊರಗೆ ಬರದೆ ಹಿಂದಕ್ಕೆ ಮೂತ್ರಾಶಯಕ್ಕೆ ಹೋಗುವುದು. ಇದರಿಂದ ದೇಹಕ್ಕೆ ಕೇಡಿಲ್ಲ, ಪುರುಷತ್ವ ಹೋಯಿತೆಂದೂ ಅಲ್ಲ; ಆದರೆ ಮುಂಚೆ ತಿಳಿಯದಿದ್ದವರು ಮನಸ್ಸಿನಲ್ಲಿಯೇ ಕೊರಗುವರು. ಕ್ಯಾನ್ಸರಿಗಾಗಿ ಗ್ರಂಥಿಯನ್ನು ಇಡಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಬೇರೆ, ಅದರ ತೊಡಕುಗಳೂ ಬೇರೆ. ಅದಕ್ಕೆ ಮತ್ತೊಂದು ದಿನದ ಮಾತೇ ಬೇಕು. ಇಷ್ಟನ್ನು ಮಾತ್ರ ನೆನಪಿಡಬೇಕು: ಟಿ.ಯು.ಆರ್.ಪಿ.ಯಲ್ಲಿ ಗ್ರಂಥಿಯ ಹೊರ ಸಿಪ್ಪೆ ಒಳಗೇ ಉಳಿಯುವುದು, ಆದುದರಿಂದ ಮುಂದೆ ಅಲ್ಲಿ ಕ್ಯಾನ್ಸರ್ ಬರಲಾರದೆಂಬ ಭರವಸೆಯಿಲ್ಲ. ಕೆತ್ತಿ ತೆಗೆದ ತುಣುಕುಗಳ ಪರೀಕ್ಷೆಯ ಕಾಗದವನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡಬೇಕು.

ಮಾವನವರಿಗೆ ಏನಾಯಿತೆಂದು ಕೇಳುವಿರಿ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ರಕ್ತ ಹೆಚ್ಚು ಹೋಗಲಿಲ್ಲ, ಜ್ವರ ಬರಲಿಲ್ಲ, ಕ್ರಿಯಾಟಿನಿನ್ ಇಳಿಯಿತು. ಆದರೆ ನಳಿಕೆ ತೆಗೆದಾಗ ಮೂತ್ರ ಬರಲಿಲ್ಲ. ಬಾಗಿಲು ತೆರೆದಿತ್ತು, ವರ್ಷಗಟ್ಟಲೆ ಹಿಗ್ಗಿದ ಮೂತ್ರಾಶಯಕ್ಕೆ ನೂಕುವ ಶಕ್ತಿ ಉಳಿದಿರಲಿಲ್ಲ. ಈಗ ಅವರು ದಿನಕ್ಕೆ ಮೂರು ಸಲ ಕೈ ಸೋಪಿನಿಂದ ತೊಳೆದುಕೊಂಡು, ತೆಳುವಾದ ನಳಿಕೆಯನ್ನು ತಾವೇ ಹಾಯಿಸಿ ಮೂತ್ರವನ್ನು ಹೊರತೆಗೆದುಕೊಳ್ಳುತ್ತಾರೆ. ಕಲಿಯುವುದು ಕಷ್ಟವಾಗಲಿಲ್ಲ, ಕೃಷಿಯ ಕೈ. ಗದ್ದೆಗೂ ಹೋಗುತ್ತಾರೆ. ಮದುವೆಯ ಪಂಕ್ತಿಯಲ್ಲಿ ಕಂಡ ದಿನವೇ ನಾನು ಕೇಳಿದ್ದರೆ ಆ ಏಳು ತಿಂಗಳಿನಲ್ಲಿ ಎಷ್ಟು ಶಕ್ತಿ ಉಳಿಯುತ್ತಿತ್ತೋ ಹೇಳಲಾರೆ. ಎಲ್ಲವೂ ಉಳಿಯುತ್ತಿತ್ತೆಂದು ಹೇಳಿಕೊಳ್ಳುವುದೂ ಸರಿಯಲ್ಲ. ಕಳೆದ ಸಲ ಗೊರೂರಿಗೆ ಹೋಗಿದ್ದಾಗ, ಎದುರುಮನೆಯ ಹಿರಿಯರೊಬ್ಬರು ಮಾತಿನ ನಡುವೆ ಎದ್ದು ಹಿತ್ತಲಿಗೆ ಹೋದರು. ಅವರು ಹಿಂದಿರುಗಿ ಬಂದಾಗ ಮಾವನವರು ನನಗಿಂತ ಮೊದಲೇ ಕೇಳಿದರು: "ರಾತ್ರಿ ಎಷ್ಟು ಸಲ ಏಳ್ತೀಯಪ್ಪ?"